ಊರು ಬಿಟ್ಟು ಹೋಗುವಾಗ ನಾಯಿಯ ಹೊಣೆ ಯಾರದು?

ಕೆಲಸದ ಮೇಲೆ ಮನೆ ಬಿಟ್ಟು ಹೋಗಬೇಕಾದ ಓದುಗರಿಂದ ಈ ಸಲ ಹಲವು ಪ್ರಶ್ನೆಗಳು ಬಂದಿವೆ. ಅವುಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ಒಬ್ಬಳೇ ಇದ್ದೇನೆ. ಐದು ವರ್ಷದ ಹೆಣ್ಣು ಲ್ಯಾಬ್ರಡಾರ್ ಇದೆ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಲ್ಲ. ಹೊಸ ಹುದ್ದೆಯಲ್ಲಿ ಪ್ರತಿ ತಿಂಗಳು ಎಂಟು-ಹತ್ತು ದಿನ ಪುಣೆ, ಚೆನ್ನೈಗೆ ಹೋಗಬೇಕು. ಹಣ ಪಡೆದು ನಾಯಿಗಳನ್ನು ಇರಿಸಿಕೊಳ್ಳುವ ಬೋರ್ಡಿಂಗ್‌ಗೆ ಬಿಡಲೇ, ಮನೆಗೇ ಯಾರನ್ನಾದರೂ ಕರೆಸಲೇ? ದಾವಣಗೆರೆಯಲ್ಲಿರುವ ಅಪ್ಪ-ಅಮ್ಮ ತಮ್ಮಲ್ಲಿಗೇ ತಂದು ಬಿಡು ಎನ್ನುತ್ತಿದ್ದಾರೆ.

ಉತ್ತರ: ವರ್ಷಕ್ಕೊಮ್ಮೆ ಹೋಗುವವರಿಗೆ ಹೇಳುವ ಮಾತು ಬೇರೆ, ನಿಮಗೆ ಹೇಳಬೇಕಾದದ್ದು ಬೇರೆ. ಇನ್ನು ಮುಂದೆ ನಿಮ್ಮ ನಾಯಿ ತನ್ನ ದಿನಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗವನ್ನು ಇನ್ನೊಬ್ಬರ ಜೊತೆ ಕಳೆಯಲಿದೆ. ಆ ಇನ್ನೊಬ್ಬರು ಪ್ರತಿ ತಿಂಗಳೂ ಒಬ್ಬರೇ ಆಗಿರಬೇಕು. ಒಂದು ತಿಂಗಳು ಬೋರ್ಡಿಂಗ್, ಇನ್ನೊಂದು ತಿಂಗಳು ಗೆಳತಿಯ ಮನೆ, ಮತ್ತೊಂದು ತಿಂಗಳು ದಾವಣಗೆರೆ ಎಂದು ಅನುಕೂಲಕ್ಕೆ ತಕ್ಕಂತೆ ಬದಲಿಸಿದರೆ ನಾಯಿ ಎಲ್ಲಿಯೂ ಹೊಂದಿಕೊಳ್ಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದರ ಆರೋಗ್ಯದಲ್ಲಿ ಆಗುವ ಸಣ್ಣ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ನಿನ್ನೆಗಿಂತ ಇಂದು ನೀರು ಹೆಚ್ಚು ಕುಡಿಯಿತು ಎಂದು ಗುರುತಿಸಬೇಕಾದರೆ ನಿನ್ನೆಯೂ ನೋಡಿದವರೇ ಆಗಬೇಕು.

ಆದ್ದರಿಂದ ನಿಮಗೆ ನನ್ನ ಮೊದಲ ಆಯ್ಕೆ, ನಿಮ್ಮ ಮನೆಗೇ ಬಂದು ರಾತ್ರಿ ಉಳಿಯುವ, ನಾಯಿಗೆ ಈಗಾಗಲೇ ಪರಿಚಯವಿರುವ ಒಬ್ಬರು. ಅಂಥವರು ಸಿಗದಿದ್ದರೆ ಒಂದೇ ಬೋರ್ಡಿಂಗ್ ಆರಿಸಿಕೊಂಡು ಅದನ್ನೇ ಮುಂದುವರಿಸಿ. ತಂದೆ-ತಾಯಿಯ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಬೆಳೆದ ಲ್ಯಾಬ್ರಡಾರ್ ಇಪ್ಪತ್ತೈದು-ಮೂವತ್ತು ಕಿಲೋ ತೂಗುತ್ತದೆ, ಬೀದಿಯಲ್ಲಿ ಬೆಕ್ಕು ಕಂಡರೆ ಹಗ್ಗ ಹಿಡಿದವರನ್ನೂ ಎಳೆದುಕೊಂಡೇ ಓಡುತ್ತದೆ. ವಯಸ್ಸಾದವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ತಿಂಗಳುಗಟ್ಟಲೆ ಮಲಗಬೇಕಾಗುತ್ತದೆ. ಪ್ರತಿ ತಿಂಗಳು ಹೋಗಿಬರುವ ಐನೂರು ಕಿಲೋಮೀಟರಿಗೂ ಹೆಚ್ಚಿನ ಪ್ರಯಾಣ ಬೇರೆ.

ಬೋರ್ಡಿಂಗ್ ನೋಡಲು ಹೋಗುವಾಗ ಮೊದಲೇ ಹೇಳದೆ ಹೋಗಿ. ಮುಂದಿನ ಹುಲ್ಲುಹಾಸು, ಈಜುಕೊಳ ತೋರಿಸುತ್ತಾರೆ, ತೋರಿಸಲಿ. ನೀವು ನೋಡಬೇಕಾದದ್ದು ರಾತ್ರಿ ನಾಯಿಗಳು ಮಲಗುವ ಜಾಗ. ನೆಲ ಒಣಗಿದೆಯೇ? ಗಾಳಿ ಆಡುತ್ತದೆಯೇ? ಹೊರಬಾಗಿಲಿಗೆ ಒಳಗೊಂದು ಇನ್ನೊಂದು ಗೇಟು ಇದೆಯೇ? ರಾತ್ರಿ ಅಲ್ಲಿ ಮನುಷ್ಯರು ಇರುತ್ತಾರೆಯೇ, ಅಥವಾ ಬೀಗ ಹಾಕಿ ಹೋಗುತ್ತಾರೆಯೇ? ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಒಂದಿದೆ: ಅವರು ನಿಮ್ಮ ನಾಯಿಯ ಲಸಿಕೆಯ ಪುಸ್ತಕವನ್ನು ಕೇಳುತ್ತಾರೆಯೇ ನೋಡಿ. ಕೇಳದಿದ್ದರೆ ಪಕ್ಕದ ಗೂಡಿನ ನಾಯಿಯದ್ದನ್ನೂ ಕೇಳಿಲ್ಲ ಎಂದೇ ಅರ್ಥ. ಅಲ್ಲಿಂದ ಹೊರಟುಬಿಡಿ.

ಲಸಿಕೆಗಳಲ್ಲಿ ರೇಬೀಸ್, ಡಿಸ್ಟೆಂಪರ್, ಪಾರ್ವೊ, ಲೆಪ್ಟೊಸ್ಪೈರೋಸಿಸ್ ಇಷ್ಟೂ ಚಾಲ್ತಿಯಲ್ಲಿರಬೇಕು. ಲೆಪ್ಟೊ ಇಲಿಯ ಮೂತ್ರದಿಂದ ಹರಡುವ ರೋಗ, ಮನುಷ್ಯರಿಗೂ ಬರುತ್ತದೆ, ಮಳೆಗಾಲದಲ್ಲಿ ಹೆಚ್ಚು. ನಾಯಿಗಳು ಗುಂಪಾಗಿರುವಲ್ಲಿ ಕೆನೆಲ್ ಕಾಫ್ ಎಂಬ ಒಣಕೆಮ್ಮು ಬಲುಬೇಗ ಹಬ್ಬುತ್ತದೆ. ಅದಕ್ಕೂ ಲಸಿಕೆ ಇದೆ. ಕೆಲವು ಬಗೆಯ ಲಸಿಕೆಗೆ ವಾರಗಳ ಅಂತರದಲ್ಲಿ ಎರಡು ಸಲ ಹಾಕಿಸಬೇಕಾಗುವುದರಿಂದ ಹೊರಡುವ ಹಿಂದಿನ ದಿನ ಓಡಿಬರಬೇಡಿ. ಹೆಚ್ಚಿನವರು ಮರೆಯುವುದು ಉಣ್ಣೆಯನ್ನು, ಅಂದರೆ ನಾಯಿಯ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳುವನ್ನು. ಉಣ್ಣೆಯಿಂದ ಬರುವ ಟಿಕ್ ಫೀವರ್ ಸಾಮಾನ್ಯವಾಗಿ ಕಚ್ಚಿದ ಒಂದರಿಂದ ಮೂರು ವಾರದ ನಂತರ ತಲೆ ಎತ್ತುತ್ತದೆ. ಅಂದರೆ ಬೋರ್ಡಿಂಗ್‌ನಲ್ಲಿ ಹತ್ತಿದ ಉಣ್ಣೆಯ ಫಲ ಕಾಣುವುದು ನೀವು ನಾಯಿಯನ್ನು ಮನೆಗೆ ತಂದ ಮೇಲೆ. ತಂದ ದಿನ ಕಿವಿಯ ಒಳಮಗ್ಗುಲು, ಕುತ್ತಿಗೆಪಟ್ಟಿಯ ಅಡಿ, ಕಾಲ್ಬೆರಳಿನ ಸಂದುಗಳಲ್ಲಿ ಕೈಯಾಡಿಸಿ ಹುಡುಕಿ. ಮುಂದಿನ ಮೂರು ವಾರ ಜ್ವರ, ಊಟ ಬಿಡುವುದು, ಬಿಳಿಚಿದ ವಸಡು ಅಥವಾ ಮೂಗಿನಿಂದ ರಕ್ತ ಕಂಡರೆ ಅದೇ ದಿನ ರಕ್ತಪರೀಕ್ಷೆ ಮಾಡಿಸಿ.

ಮೊದಲ ಸಲವೇ ಹತ್ತು ದಿನ ಬಿಡಬೇಡಿ. ನೀವು ಊರಲ್ಲೇ ಇರುವಾಗ ಒಂದು ಮಧ್ಯಾಹ್ನ, ಆಮೇಲೆ ಒಂದು ರಾತ್ರಿ, ಆಮೇಲೆ ಎರಡು ರಾತ್ರಿ ಬಿಟ್ಟು ನೋಡಿ. ಅದು ತಿನ್ನುವ ಆಹಾರವನ್ನೇ ಒಂದೊಂದು ಹೊತ್ತಿಗೆ ಒಂದೊಂದು ಪೊಟ್ಟಣ ಮಾಡಿ ಕೊಡಿ. ಇದ್ದಕ್ಕಿದ್ದಂತೆ ಆಹಾರ ಬದಲಾಗುವುದರಿಂದಲೇ ಎಷ್ಟೋ ನಾಯಿಗಳಿಗೆ ಭೇದಿ ಹತ್ತುತ್ತದೆ. ನೀವು ಹೊದ್ದ, ಒಗೆಯದ ಒಂದು ಬೆಡ್‌ಶೀಟನ್ನೂ ಜೊತೆಗಿಡಿ. ಹೊಸ ಜಾಗದಲ್ಲಿ ಮೊದಲ ದಿನ ಊಟ ಮುಟ್ಟದಿರುವುದು ದೊಡ್ಡ ನಾಯಿಗಳಲ್ಲಿ ಸಾಮಾನ್ಯ. ಎರಡನೇ ದಿನವೂ ಮುಟ್ಟದಿದ್ದರೆ ವೈದ್ಯರು ನೋಡಲೇಬೇಕು.

ಇನ್ನು ನಾನು ಒತ್ತಿ ಹೇಳಬೇಕಾದ ವಿಷಯ. ನೋಡಿಕೊಳ್ಳುವವರಿಗೆ ಬೀಗದ ಕೈ, ಆಹಾರ, ಹಣ ಎಲ್ಲ ಕೊಡುತ್ತೀರಿ. ತೀರ್ಮಾನಿಸುವ ಅಧಿಕಾರವನ್ನು ಯಾರೂ ಕೊಡುವುದಿಲ್ಲ. ನಿಮ್ಮ ನಾಯಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಸಂತಾನಹರಣ ಆಗದ ಹೆಣ್ಣುನಾಯಿಗಳಲ್ಲಿ, ಬೆದೆಗೆ ಬಂದು ಒಂದೆರಡು ತಿಂಗಳೊಳಗೆ ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಕಾಣಿಸಿಕೊಳ್ಳಬಹುದು. ವಿಪರೀತ ನೀರು ಕುಡಿಯುವುದು, ಮಂಕಾಗುವುದು, ವಾಂತಿ ಇದರ ಲಕ್ಷಣಗಳು. ಬಹುತೇಕ ತಕ್ಷಣ ಶಸ್ತ್ರಚಿಕಿತ್ಸೆಯೇ ಬೇಕು. ನೋಡಿಕೊಳ್ಳುವವರು ಪಾಪ ಹೊತ್ತುಕೊಂಡು ಬರುತ್ತಾರೆ, ನಾಯಿ ಮೇಜಿನ ಮೇಲೆ ಮಲಗಿರುತ್ತದೆ, ಒಡೆಯರ ಮೊಬೈಲ್ ವಿಮಾನದಲ್ಲಿ ಬಂದ್ ಆಗಿರುತ್ತದೆ. ಅರಿವಳಿಕೆ ಕೊಡಲು ಒಪ್ಪಿಗೆ ಯಾರದು? ಆ ಎರಡು ಗಂಟೆಗಳು ನನ್ನಂಥ ವೈದ್ಯರಿಗೆ ನರಕ, ನಾಯಿಗೆ ಅದಕ್ಕಿಂತ ಹೆಚ್ಚು. ಹೊರಡುವ ಮುನ್ನ ಒಂದು ಕಾಗದದಲ್ಲಿ ಬರೆದು ಸಹಿ ಮಾಡಿ: ತುರ್ತು ಸಂದರ್ಭದಲ್ಲಿ ಇಂಥವರು ನನ್ನ ಪರವಾಗಿ ಒಪ್ಪಿಗೆ ನೀಡಬಹುದು, ಇಷ್ಟು ರೂಪಾಯಿಯವರೆಗೆ ನನ್ನನ್ನು ಕೇಳಬೇಕಿಲ್ಲ, ಅರಿವಳಿಕೆ ಮತ್ತು ಶಸ್ತ್ರಚಿಕಿತ್ಸೆಗೆ ನನ್ನ ಅಭ್ಯಂತರವಿಲ್ಲ. ಅದರ ಒಂದು ಪ್ರತಿ ನಿಮ್ಮ ಪಶುವೈದ್ಯರ ಬಳಿ ಇರಲಿ. ಮರಿ ಹಾಕಿಸುವ ಯೋಚನೆ ಇಲ್ಲದಿದ್ದರೆ, ಎರಡು ವಾರ ಊರಲ್ಲೇ ಇರುವ ಹೊತ್ತು ನೋಡಿ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿ. ಪಯೋಮೆಟ್ರಾದ ಭಯವೂ ಹೋಗುತ್ತದೆ, ಬೆದೆಯಲ್ಲಿರುವ ನಾಯಿಯನ್ನು ಯಾರ ಬಳಿ ಬಿಡಲಿ ಎಂಬ ಪೇಚಾಟವೂ ತಪ್ಪುತ್ತದೆ.

ಪ್ರಶ್ನೆ: ನಾವಿಬ್ಬರೂ ಸರ್ಕಾರಿ ಶಾಲೆಯ ಶಿಕ್ಷಕರು, ರಾಣೆಬೆನ್ನೂರು ಹತ್ತಿರದ ಹಳ್ಳಿಯಲ್ಲಿದ್ದೇವೆ. ಚುನಾವಣೆ ಬಂದರೆ ಇಬ್ಬರಿಗೂ ಒಟ್ಟಿಗೇ ಕರ್ತವ್ಯ ಬೀಳುತ್ತದೆ. ನಾಟಿ ನಾಯಿಯನ್ನು ಅಂಗಳದಲ್ಲಿ ಕಟ್ಟಿ, ಅನ್ನ ಹಾಕಲು ಪಕ್ಕದ ಮನೆಯವರಿಗೆ ಹೇಳಿ ಹೋಗುತ್ತೇವೆ. ಕಳೆದ ಸಲ ಅದು ಅನ್ನ ಹಾಕಲು ಬಂದ ಅವರ ಮಗನನ್ನೇ ಕಚ್ಚಲು ಹೋಯಿತಂತೆ. ಮುಂಚೆ ಹಾಗಿರಲಿಲ್ಲ.

ಉತ್ತರ: ಮತಗಟ್ಟೆಯ ಸಿಬ್ಬಂದಿ ಮತದಾನದ ಹಿಂದಿನ ದಿನವೇ ಹೊರಡಬೇಕು, ಪೆಟ್ಟಿಗೆ ಒಪ್ಪಿಸಿ ಮನೆ ಸೇರುವಾಗ ಮರುದಿನದ ನಡುರಾತ್ರಿ. 2024ರ ಲೋಕಸಭಾ ಚುನಾವಣೆಯಲ್ಲಿ ನಿಮ್ಮ ಭಾಗದ ಮತದಾನ ನಡೆದದ್ದು ಮೇ 7ರಂದು, ಕಡುಬೇಸಿಗೆಯಲ್ಲಿ. ಬೆಳಿಗ್ಗೆ ನೆರಳಿದ್ದ ಜಾಗಕ್ಕೆ ಮಧ್ಯಾಹ್ನ ಬಿಸಿಲು ಬರುತ್ತದೆ, ಸರಪಳಿ ತಾಗಿ ನೀರಿನ ಪಾತ್ರೆ ಮಗುಚುತ್ತದೆ, ಕಟ್ಟಿದ ನಾಯಿ ಎಲ್ಲಿಗೂ ಹೋಗಲಾರದು. ಬೀದಿನಾಯಿಗಳು ಬಂದು ಗುರುಗುಟ್ಟಿದರೂ ಓಡಲಾರದು. ಓಡಲು ದಾರಿಯಿಲ್ಲದ ನಾಯಿ ಹತ್ತಿರ ಬಂದವರನ್ನು ಬೆದರಿಸುತ್ತದೆ. ನಿಮ್ಮ ನಾಯಿ ಕೆಟ್ಟದ್ದಾಗಿಲ್ಲ, ಹೆದರಿದೆ.

ಕಟ್ಟಬೇಡಿ. ಕಿಟಕಿ ಇರುವ ಕೋಣೆಯಲ್ಲಿ ಅಥವಾ ಗೇಟು ಭದ್ರವಾಗಿರುವ ಹಿತ್ತಿಲಲ್ಲಿ ಬಿಡಿ. ಎರಡು ಕಡೆ ಕಲ್ಲಿನ ಬಾನಿಯಲ್ಲಿ ನೀರಿಡಿ, ಮಗುಚುವುದಿಲ್ಲ. ನೆರೆಮನೆಯಲ್ಲಿ ಹುಡುಗನಿಗೆ ಬದಲು ದೊಡ್ಡವರೊಬ್ಬರು ಈ ಹೊಣೆ ಹೊರಲಿ, ಅವರು ನೀವಿರುವಾಗಲೇ ಒಂದು ವಾರ ತಮ್ಮ ಕೈಯಿಂದ ಊಟ ಹಾಕಿ ಅಭ್ಯಾಸ ಮಾಡಲಿ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಗೆ 1960ರಲ್ಲಿ ಬಂದ ಕಾಯ್ದೆ, ಪ್ರಾಣಿಯನ್ನು ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟಿಹಾಕುವುದನ್ನೂ, ಸಾಕಷ್ಟು ಅನ್ನ, ನೀರು, ನೆರಳು ಕೊಡದಿರುವುದನ್ನೂ ಅಪರಾಧ ಎನ್ನುತ್ತದೆ. ನಿಮ್ಮ ಉದ್ದೇಶ ಹಾಗಲ್ಲ ಎಂಬುದು ನನಗೆ ಗೊತ್ತು.

ರೇಬೀಸ್ ಲಸಿಕೆ ಹಾಕಿಸಿದ್ದೀರಾ ಎಂದು ನೀವು ಬರೆದಿಲ್ಲ. ಇಲ್ಲವಾದರೆ ಈ ವಾರವೇ ಹಾಕಿಸಿ, ಪ್ರತಿ ವರ್ಷ ಹಾಕಿಸಿ. ಯಾರಿಗಾದರೂ ಹಲ್ಲು ತಾಗಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ನಾಯಿಗೆ ಲಸಿಕೆ ಆಗಿದೆ ಎಂದು ಮನೆಯಲ್ಲೇ ಉಳಿಯಬಾರದು. ಇದನ್ನು ನೆರೆಮನೆಯವರಿಗೂ ಹೇಳಿಡಿ.

ಪ್ರಶ್ನೆ: ನಮ್ಮ ಹನ್ನೊಂದು ವರ್ಷದ ನಾಯಿಗೆ ಫಿಟ್ಸ್ ಇದೆ, ದಿನಕ್ಕೆರಡು ಬಾರಿ ಫಿನೋಬಾರ್ಬಿಟೋನ್ ಮಾತ್ರೆ ಕೊಡುತ್ತೇವೆ. ನಾನು ಲೆಕ್ಕಪರಿಶೋಧನೆಯ ಕೆಲಸಕ್ಕೆ ನಾಲ್ಕೈದು ದಿನ ಹೊರಗಿರಬೇಕಾಗುತ್ತದೆ. ಬೋರ್ಡಿಂಗ್‌ನವರು ಉಣ್ಣೆಯ ಮಾತ್ರೆ ನುಂಗಿಸಿ ತನ್ನಿ ಎನ್ನುತ್ತಾರೆ. ಮೈಸೂರು.

ಉತ್ತರ: ಆ ಮಾತ್ರೆಯನ್ನು ನಿಮ್ಮ ವೈದ್ಯರನ್ನು ಕೇಳದೆ ಕೊಡಬೇಡಿ. ಫ್ಲೂರಲಾನರ್, ಅಫಾಕ್ಸೊಲಾನರ್ ಗುಂಪಿನ ಉಣ್ಣೆ ಮಾತ್ರೆಗಳು ಬಹುಪಾಲು ನಾಯಿಗಳಿಗೆ ಸುರಕ್ಷಿತ. ಆದರೆ ಕೆಲವು ನಾಯಿಗಳಲ್ಲಿ ನಡುಕ, ಫಿಟ್ಸ್ ತರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ನಿಮ್ಮ ನಾಯಿಗೆ ಬೇರೆ ಉಪಾಯ ಹುಡುಕಬಹುದು.

ಇಂಥ ನಾಯಿಯನ್ನು ಹತ್ತಾರು ನಾಯಿಗಳ ಗದ್ದಲಕ್ಕೆ ಬಿಡುವುದೇ ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲೇ ಇರಲಿ, ರಾತ್ರಿ ಜೊತೆಗೊಬ್ಬರು ಮಲಗಲಿ. ಫಿನೋಬಾರ್ಬಿಟೋನ್ ಇದ್ದಕ್ಕಿದ್ದಂತೆ ನಿಂತರೆ ಫಿಟ್ಸ್ ಮರುಕಳಿಸುತ್ತದೆ, ಆದ್ದರಿಂದ ಹನ್ನೆರಡು ಗಂಟೆಯ ಅಂತರ ತಪ್ಪಬಾರದು. ಈ ಮಾತ್ರೆ ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ, ಚೀಟಿಯಿಲ್ಲದೆ ಕೊಡುವುದೂ ಇಲ್ಲ. ಬೇಕಾದದ್ದಕ್ಕಿಂತ ಒಂದು ವಾರಕ್ಕಾಗುವಷ್ಟು ಹೆಚ್ಚೇ ತಂದಿಡಿ.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ತಾಗಿಸುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ಯಾವುದೂ ಬೇಡ. ಬಾಯಿಯ ಹತ್ತಿರ ಕೈ ಒಯ್ಯಲೇಬಾರದು. ಸುತ್ತಲಿನ ಕುರ್ಚಿ, ಮೇಜು ಸರಿಸಿ, ದೀಪ ಆರಿಸಿ, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ, ಅಥವಾ ಒಂದರ ಹಿಂದೆ ಒಂದು ಬಂದರೆ ಕೂಡಲೇ ಆಸ್ಪತ್ರೆಗೆ. ನಾಯಿಗೆ ಹಿಂದೆ ಫಿಟ್ಸ್ ಬಂದಾಗಿನ ವಿಡಿಯೊ ಇದ್ದರೆ ನೋಡಿಕೊಳ್ಳುವವರಿಗೆ ಮೊದಲೇ ತೋರಿಸಿ. ಮೊದಲ ಬಾರಿ ಕಂಡವರು ಗಾಬರಿಯಲ್ಲಿ ನಾಯಿಯನ್ನು ತಬ್ಬಿಕೊಂಡು ಕಚ್ಚಿಸಿಕೊಳ್ಳುವುದುಂಟು. ಒಪ್ಪಿಗೆಯ ಕಾಗದ ನಿಮಗೂ ಬೇಕು.

ಪ್ರಶ್ನೆ: ಕಂಪನಿ ನನ್ನನ್ನು ಆರು ತಿಂಗಳ ಮಟ್ಟಿಗೆ ಜರ್ಮನಿಗೆ ಕಳಿಸುತ್ತಿದೆ. ಮೂರು ವರ್ಷದ ಪಗ್ ಇದೆ. ಜೊತೆಗೇ ಕರೆದೊಯ್ಯಬೇಕೆಂದು ಆಸೆ. ಇಲ್ಲವಾದರೆ ಉಡುಪಿಯಲ್ಲಿ ಅಣ್ಣನ ಮನೆ ಇದೆ. ಮಂಗಳೂರು.

ಉತ್ತರ: ಆರು ತಿಂಗಳಿಗೆಂದು ಕರೆದೊಯ್ಯಬೇಡಿ. ಲೆಕ್ಕ ಹೀಗಿದೆ: ಭಾರತದಿಂದ ಐರೋಪ್ಯ ಒಕ್ಕೂಟಕ್ಕೆ ಹೋಗುವ ನಾಯಿಗೆ ಮೊದಲು ಗುರುತಿಗಾಗಿ ಚರ್ಮದಡಿ ಇಡುವ ಮೈಕ್ರೊಚಿಪ್, ಆಮೇಲೆ ರೇಬೀಸ್ ಲಸಿಕೆ, ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ಒಕ್ಕೂಟ ಮಾನ್ಯ ಮಾಡಿದ ಪ್ರಯೋಗಾಲಯದಲ್ಲಿ ರಕ್ತದಲ್ಲಿ ರೋಗ ತಡೆಯುವ ಪ್ರತಿಕಾಯದ ಪರೀಕ್ಷೆ, ಫಲಿತಾಂಶ ಪ್ರತಿ ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಏಕಮಾನ) ಅಥವಾ ಹೆಚ್ಚು, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಎಲ್ಲವೂ ಸುಗಮವಾದರೂ ನಾಲ್ಕು ತಿಂಗಳು ಇಲ್ಲೇ ಕಳೆಯುತ್ತದೆ. ವಾಪಸು ಬರುವಾಗ ಇಲ್ಲಿನ ಪ್ರಾಣಿ ಸಂಪರ್ಕತಡೆ ಇಲಾಖೆಯ ಅನುಮತಿ ಬೇರೆ ಬೇಕು. ಅದಕ್ಕಿಂತ ದೊಡ್ಡ ತೊಡಕು ಪಗ್‌ನ ಚಪ್ಪಟೆ ಮೂಗು. ಉಸಿರಾಟವೇ ಕಷ್ಟವಿರುವ ಈ ತಳಿಗೆ ವಿಮಾನದ ಸರಕು ವಿಭಾಗದ ಬಿಸಿ ಮತ್ತು ಆತಂಕ ಪ್ರಾಣಾಪಾಯ ತರಬಲ್ಲದು. ಅನೇಕ ವಿಮಾನಯಾನ ಸಂಸ್ಥೆಗಳು ಇಂಥ ತಳಿಗಳನ್ನು ಸರಕು ವಿಭಾಗದಲ್ಲಿ ಒಯ್ಯಲು ಒಪ್ಪುವುದೇ ಇಲ್ಲ. ಅಲ್ಲೇ ನೆಲೆಸುವುದಾದರೆ ಮತ್ತೆ ಯೋಚಿಸೋಣ. ಆ ಸಾಧ್ಯತೆ ಇದ್ದರೆ ಮೈಕ್ರೊಚಿಪ್, ಲಸಿಕೆ, ರಕ್ತಪರೀಕ್ಷೆಗಳನ್ನು ಈಗಲೇ ಮುಗಿಸಿಡಿ. ಮುಂದೆ ರೇಬೀಸ್ ಲಸಿಕೆಯನ್ನು ಒಂದು ದಿನವೂ ತಡವಾಗದಂತೆ ಹಾಕಿಸುತ್ತಾ ಹೋದರೆ ಆ ರಕ್ತಪರೀಕ್ಷೆಯನ್ನು ಮರಳಿ ಮಾಡಿಸಬೇಕಾಗುವುದಿಲ್ಲ.

ಅಣ್ಣನ ಮನೆ ಒಳ್ಳೆಯ ಆಯ್ಕೆ, ಹತ್ತಿರವೂ ಇದೆ. ಹೊರಡುವ ಮೊದಲಿನ ತಿಂಗಳು ವಾರಾಂತ್ಯಗಳಲ್ಲಿ ಅಲ್ಲಿ ಬಿಟ್ಟು ಬನ್ನಿ. ಕರಾವಳಿಯ ಸೆಕೆಯಲ್ಲಿ ಪಗ್‌ನ ನಡಿಗೆ ಬೆಳಿಗ್ಗೆ ಏಳರೊಳಗೆ ಮುಗಿಯಬೇಕು. ಕುತ್ತಿಗೆಪಟ್ಟಿಯ ಬದಲು ಎದೆಗೆ ಕಟ್ಟುವ ಪಟ್ಟಿ ಇರಲಿ. ನಾಲಿಗೆ ನೀಲಿಗಟ್ಟಿ ಗೊರಗೊರ ಸದ್ದು ಹೆಚ್ಚಿದರೆ ಮೈಗೆ ತಣ್ಣೀರು ಸುರಿದು, ಫ್ಯಾನಿನ ಗಾಳಿ ಹಿಡಿದು, ಆಸ್ಪತ್ರೆಗೆ ಒಯ್ಯಬೇಕು. ಮನೆಮಂದಿಯೆಲ್ಲ ಪ್ರೀತಿಯಿಂದ ದೋಸೆಯ ತುಂಡು, ಮೀನಿನ ಚೂರು ಹಾಕಿ ಆರು ತಿಂಗಳಲ್ಲಿ ಅದನ್ನು ದಪ್ಪ ಮಾಡಿಬಿಡುತ್ತಾರೆ, ಪಗ್‌ಗೆ ಪ್ರತಿ ಹೆಚ್ಚುವರಿ ಕಿಲೋ ಉಸಿರಿನ ಮೇಲೆಯೇ ಭಾರ. ತಿಂಗಳಿಗೊಮ್ಮೆ ತೂಕ ನೋಡಿ ನಿಮಗೆ ಸಂದೇಶ ಕಳಿಸುವಂತೆ ಅಣ್ಣನವರಿಗೆ ಹೇಳಿ. ವಿಡಿಯೊ ಕರೆಯಲ್ಲಿ ನಿಮ್ಮ ದನಿ ಕೇಳಿ ಅದು ಬಾಗಿಲಿಗೆ ಓಡಿ ಹುಡುಕಾಡುವಂತಿದ್ದರೆ, ಅದು ಮಲಗಿರುವ ಹೊತ್ತು ನೋಡಿ ದನಿ ತಗ್ಗಿಸಿ ಮಾತನಾಡಿ.