ಇಂಗ್ಲಿಷ್ ಪದಗಳ ಅರ್ಥ ಚಿಕ್ಕ ಮಕ್ಕಳಿಗೆ ಸುಲಭವಾಗಿ ಹೇಳಿಕೊಡುವುದು ಹೇಗೆ?

ಮೂರನೇ ಕ್ಲಾಸಿನ ಮಗಳು ಪದದ ಅರ್ಥ ಎಲ್ಲಾ ಬಾಯಿಪಾಠ ಒಪ್ಪಿಸುತ್ತಾಳೆ, ವಾಕ್ಯ ಮಾಡು ಅಂದರೆ ತಪ್ಪುತ್ತಾಳೆ ಅಂತ ಕೇಳಿದ್ದೀರಿ. ತಪ್ಪು ಅವಳದ್ದಲ್ಲ, ಒಂದು ಪದಕ್ಕೆ ಒಂದು ಪದ ಅಂತ ನಾವು ಬರೆಸುವ ಪಟ್ಟಿಯದ್ದು.

ಲೆಗ್ ಅಂದರೆ ಕಾಲು, ಫುಟ್ ಅಂದರೂ ಕಾಲು. ಹೀಗೆ ಬರೆಸಿದರೆ ಮಗು ಎರಡೂ ಒಂದೇ ಅಂದುಕೊಳ್ಳುತ್ತದೆ, ಅಲ್ವಾ? ಮನೆಪಾಠಕ್ಕೆ ಬರುವ ಮಕ್ಕಳಿಗೆ ನಾನು ಚಪ್ಪಲಿ ತೋರಿಸುತ್ತೇನೆ. ಚಪ್ಪಲಿ ಮೇಲೆ ಕೂರುವಷ್ಟು ಫುಟ್, ಪ್ಯಾಂಟಿನೊಳಗೆ ಹೋಗುವುದು ಲೆಗ್. ಮುಗಿಯಿತು. ಬೆರಳು ಕೈಯಲ್ಲಿದ್ದರೆ ಫಿಂಗರ್, ಕಾಲಲ್ಲಿದ್ದರೆ ಟೋ.

ಇದರ ಉಲ್ಟಾನೂ ಇದೆ. ನಾವು ಸೀರೆ ಉಡುತ್ತೇವೆ, ಹೂ ಮುಡಿಯುತ್ತೇವೆ, ಬಳೆ ತೊಡುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ, ಅಂಗಿ ಹಾಕಿಕೊಳ್ಳುತ್ತೇವೆ, ಇಂಗ್ಲಿಷಿನಲ್ಲಿ ಇಷ್ಟಕ್ಕೂ ವೇರ್ ಒಂದೇ ಸಾಕು. ಇದನ್ನು ಹೇಳಿದ ದಿನ ಒಬ್ಬಳು ‘ಮಿಸ್, ಕನ್ನಡಕಕ್ಕೂ?’ ಅಂದಳು. ಕನ್ನಡಕಕ್ಕೂ ಅದೇ. ಡಬ್ಬದಲ್ಲಿರುವ ಅಕ್ಕಿಯೂ ರೈಸ್, ತಟ್ಟೆಗೆ ಬಂದ ಅನ್ನವೂ ರೈಸ್. (ಭತ್ತಕ್ಕೆ ಪ್ಯಾಡಿ ಅಂತ ಬೇರೆ ಇದೆ, ಈಗಲೇ ಬೇಡ.)

ಜಾಸ್ತಿ ಗೋಜಲು ಆಗುವುದು ಬಾರೋ, ಲೆಂಡ್. ಎರಡಕ್ಕೂ ‘ಸಾಲ’ ಅಂತ ಬರೆಸಿದರೆ ಕೆಟ್ಟಿತು. ಕೈಗೆ ಪೆನ್ಸಿಲ್ ಕೊಟ್ಟು ಆಡಿಸಿ: ವಾಪಸ್ ಕೊಡುತ್ತೀನಿ ಅಂತ ಇಸ್ಕೊಂಡವಳು ಬಾರೋ ಮಾಡಿದಳು, ಕೊಟ್ಟವಳು ಲೆಂಡ್ ಮಾಡಿದಳು. ಇದು ನನ್ನ ಉಪಾಯವೇನಲ್ಲ. 1987ರಲ್ಲಿ ಬಂದ ಕೋಬಿಲ್ಡ್ ನಿಘಂಟು ‘ನೀವು ಹೀಗೆ ಮಾಡಿದರೆ ಅದು ಇದು’ ಅನ್ನುವ ಥರ ಪೂರ್ತಿ ವಾಕ್ಯದಲ್ಲೇ ಅರ್ಥ ಕೊಟ್ಟಿತು. ಅದಕ್ಕೂ ಮೊದಲು, 1978ರ ಲಾಂಗ್‌ಮನ್ ನಿಘಂಟು ಸುಮಾರು 2,000 ಸುಲಭ ಪದಗಳನ್ನು ಆರಿಸಿಕೊಂಡು ಅವುಗಳಲ್ಲೇ ಅರ್ಥ ಬರೆದಿತ್ತು. ಅಂದರೆ ಅರ್ಥ ಪದಕ್ಕಿಂತ ಕಷ್ಟ ಆಗಬಾರದು. ಥರ್ಸ್ಟ್ ಅಂದರೆ ‘ತೃಷೆ’ ಅಂತ ಬರೆದ ಗೈಡ್ ಒಂದನ್ನು ನೋಡಿದ್ದೇನೆ, ಪಾಪ ಮಗು ಈಗ ತೃಷೆಗೆ ಅರ್ಥ ಹುಡುಕಬೇಕು! ಬಾಯಾರಿಕೆ ಅಂದರೆ ಆಗುತ್ತಿತ್ತು.

ಬಾಯಿಪಾಠ ಬೇಡವೇ ಬೇಡ ಅನ್ನುತ್ತಿಲ್ಲ. ಸ್ಪೆಲ್ಲಿಂಗಿಗೆ ಅದು ಬೇಕು. ಅರ್ಥಕ್ಕೆ ಮಾತ್ರ ಅಡುಗೆಮನೆಗೋ ಅಂಗಳಕ್ಕೋ ಕರೆದುಕೊಂಡು ಹೋಗಿ, ವಸ್ತು ಮುಟ್ಟಿಸಿ, ದಿನಕ್ಕೆ ಎರಡು ಮೂರು ಪದ ಸಾಕು.

ಅವಳಿಗೆ ಇನ್ಯಾವ ಪದ ತೊಡಕಾಗಿದೆ ಬರೆಯಿರಿ, ಹೇಳುತ್ತೇನೆ. ಲುಕ್, ಸೀ, ವಾಚ್ ಕೇಳಿದರೆ ಮಾತ್ರ ಸ್ವಲ್ಪ ಟೈಮ್ ಕೊಡಿ. ನಮ್ಮಲ್ಲಿ ಮೂರಕ್ಕೂ ‘ನೋಡು’ ಅಂದುಬಿಡುತ್ತೇವೆ.