ಮಾರಿದ ಡೊಮೇನ್ ಹೆಸರಿಗೆ ಹಣ ವಾಪಸ್ ಕೇಳಿದರೆ

ಓದುಗರ ಪತ್ರ

ಶಿಡ್ಲಘಟ್ಟದ ಓದುಗರೊಬ್ಬರು, ಹೆಸರನ್ನು ಪ್ರಕಟಿಸಬಾರದೆಂಬ ವಿನಂತಿಯೊಂದಿಗೆ, ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರಾಂಶ ಇಷ್ಟು: ಹೂವಿನ ವ್ಯಾಪಾರಕ್ಕೆ ಹೊಂದುವ ಎರಡು ಪದಗಳ ಡಾಟ್ ಇನ್ ಡೊಮೇನ್ ಹೆಸರೊಂದನ್ನು, ಅಂದರೆ ಜಾಲತಾಣದ ವಿಳಾಸವೊಂದನ್ನು, ಅವರು ಮೂರು ವರ್ಷಗಳ ಹಿಂದೆ ನೋಂದಾಯಿಸಿಟ್ಟುಕೊಂಡಿದ್ದರು. ಕಳೆದ ತಿಂಗಳು ಬೆಂಗಳೂರಿನವರೊಬ್ಬರು ಅದನ್ನು 45,000 ರೂಪಾಯಿಗೆ ಕೊಂಡರು. 20,000 ರೂಪಾಯಿ ಕೊಂಡವರ ಯುಪಿಐನಿಂದಲೂ, ಉಳಿದ 25,000 ರೂಪಾಯಿ ಬೇರೊಬ್ಬರ ಬ್ಯಾಂಕ್ ಖಾತೆಯಿಂದಲೂ ಬಂದಿತು. ಡೊಮೇನ್ ಹೆಸರು, ಇಂಥ ಹೆಸರುಗಳನ್ನು ನೋಂದಾಯಿಸುವ ರಿಜಿಸ್ಟ್ರಾರ್ ಸಂಸ್ಥೆಯಲ್ಲಿ ಕೊಂಡವರಿಗಿದ್ದ ಖಾತೆಗೆ ಹೋಯಿತು. ಹದಿನೆಂಟನೆಯ ದಿನ ಅವರು ವಾಟ್ಸಾಪ್‌ನಲ್ಲಿ, ಪಾಲುದಾರರು ಹಿಂದೆ ಸರಿದಿರುವುದರಿಂದ ಹೆಸರು ಬೇಡ, ಹಣ ಕೊಡಿ ಎಂದರು. ನಮ್ಮ ಓದುಗರು ಒಪ್ಪದಿದ್ದಾಗ, ಈ ವಿಳಾಸಕ್ಕೆ ದಿನಕ್ಕೆ ನೂರಾರು ಜನ ಭೇಟಿ ಕೊಡುತ್ತಾರೆ ಎಂದು ನೀವು ಹೇಳಿದ್ದು ಸುಳ್ಳು ಎಂದರು. ಈಗ ಗ್ರಾಹಕ ಆಯೋಗ, ಸೈಬರ್ ಪೊಲೀಸ್ ಎಂದು ಹೆದರಿಸುತ್ತಿದ್ದಾರೆ ಮತ್ತು ಹಣವನ್ನು ಹೊಸದೊಂದು ಯುಪಿಐ ವಿಳಾಸಕ್ಕೆ ಕಳುಹಿಸಲು ಹೇಳಿದ್ದಾರೆ. "ನಾನು ಹಣ ಹಿಂದಿರುಗಿಸಲೇಬೇಕೆ?" ಎಂಬುದು ಓದುಗರ ಪ್ರಶ್ನೆ.

ಸಂಪಾದಕರ ಉತ್ತರ

ಪ್ರಿಯ ಓದುಗರೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮಗೆ ಹಣ ವಾಪಸ್ ಕೇಳಿದವರು ಒಂದಲ್ಲ, ಎರಡು ಕಾರಣ ಕೊಟ್ಟಿದ್ದಾರೆ. ನೀವು ಮೊದಲನೆಯದಕ್ಕೆ ಮಾತ್ರ ಉತ್ತರಿಸಿ, ಎರಡನೆಯದನ್ನು ಬೆದರಿಕೆಯ ಭಾಗವೆಂದು ತಳ್ಳಿಹಾಕಿದ್ದೀರಿ. ಇವೆರಡೂ ಬೇರೆ ಬೇರೆ ವಿಷಯಗಳು, ಬೇರೆ ಬೇರೆ ಉತ್ತರ ಬೇಡುವಂಥವು.

ಮೊದಲನೆಯದರಲ್ಲಿ ನಿಮ್ಮ ಪಕ್ಷ ಗಟ್ಟಿಯಾಗಿದೆ. ವಾಟ್ಸಾಪ್‌ನಲ್ಲಿ ಕುದುರಿದ ವ್ಯವಹಾರವೂ ಕರಾರೇ. ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗುವುದಿಲ್ಲವೆಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಹೇಳುತ್ತದೆ. ಆನ್‌ಲೈನಿನಲ್ಲಿ ಕೊಂಡ ಯಾವುದನ್ನೇ ಆಗಲಿ ಏಳು ದಿನ, ಹತ್ತು ದಿನದೊಳಗೆ ಹಿಂದಿರುಗಿಸುವ ಹಕ್ಕು ಎಲ್ಲರಿಗೂ ಇದೆಯೆಂದು ಬಹಳ ಮಂದಿ ನಂಬಿದ್ದಾರೆ. ಅದು ದೊಡ್ಡ ಮಾರಾಟ ತಾಣಗಳು ತಾವಾಗಿ ಇಟ್ಟುಕೊಂಡಿರುವ ನಿಯಮ. ಮನಸ್ಸು ಬದಲಾಯಿತೆಂಬ ಕಾರಣಕ್ಕೆ ಹಣ ಹಿಂದೆ ಪಡೆಯುವ ಸಾಮಾನ್ಯ ಹಕ್ಕನ್ನು ನಮ್ಮ ಕಾನೂನು ಕೊಟ್ಟಿಲ್ಲ. 2020ರ ಇ-ಕಾಮರ್ಸ್ ನಿಯಮಗಳು ಕೂಡ ಮಾರಾಟ ತಾಣಗಳ ಮೂಲಕ ಮಾರುವವರು ಮಾಲನ್ನು ಹಿಂದಕ್ಕೆ ಪಡೆಯಲೇಬೇಕೆಂದು ಹೇಳುವುದು ದೋಷವಿದ್ದಾಗ, ಹೇಳಿದ ಗುಣ ಇಲ್ಲದಿದ್ದಾಗ, ಅಥವಾ ತಡವಾಗಿ ತಲುಪಿದಾಗ. ನಿಮ್ಮೂರಿನ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ಗೂಡು ಹಿಡಿದ ರೀಲರ್ (ನೂಲು ಬಿಚ್ಚುವವರು), ಮಾರನೆಯ ದಿನ ನೂಲಿನ ದರ ಇಳಿಯಿತೆಂದು ರೈತನ ಮನೆ ಬಾಗಿಲಿಗೆ ಬಂದು ಹಣ ಕೇಳುವುದುಂಟೆ? ಪಾಲುದಾರ ಕೈಬಿಟ್ಟದ್ದು ಕೊಂಡವರ ನಷ್ಟ. ಅದನ್ನು ನೀವು ಹೊರಬೇಕಾಗಿಲ್ಲ.

ಆದರೆ ಅದೇ ಮಾರುಕಟ್ಟೆಯಲ್ಲಿ ಮೇಲೆ ಒಳ್ಳೆಯ ಗೂಡು ಹರಡಿ ಅಡಿಯಲ್ಲಿ ಕೆಟ್ಟದ್ದನ್ನು ಇಟ್ಟಿದ್ದರೆ ರೈತ ಉತ್ತರ ಹೇಳಬೇಕಾಗುತ್ತದೆ. ನಿಮ್ಮ ಪತ್ರದ ಮೂರನೆಯ ಪುಟದ ಅಂಚಿನಲ್ಲಿ, ಬೇರೆ ಬಣ್ಣದ ಶಾಯಿಯಲ್ಲಿ, ನೀವೇ ಬರೆದಿರುವ ಸಾಲು ಇದು: "ದಿನಕ್ಕೆ ನೂರಾರು ಜನ ಎಂದು ಫೋನಿನಲ್ಲಿ ಹೇಳಿದ್ದು ನಿಜ, ಆ ಸಂಖ್ಯೆಯನ್ನು ನಾನು ಸರಿಯಾಗಿ ನೋಡಿರಲಿಲ್ಲ." ಈ ಸಾಲನ್ನು ಮುಚ್ಚಿಡದೆ ಬರೆದದ್ದಕ್ಕೆ ನಿಮ್ಮ ಮೇಲೆ ಗೌರವ ಹೆಚ್ಚಾಯಿತು. ಆದರೆ ಇಡೀ ವಿವಾದದ ಕೀಲು ಇರುವುದೂ ಇಲ್ಲಿಯೇ. ಬಳಕೆಯಲ್ಲಿಲ್ಲದ ಡೊಮೇನಿಗೆ ಬರುವ ಭೇಟಿಗಳಲ್ಲಿ ಬಹುಪಾಲು ಮನುಷ್ಯರದ್ದಾಗಿರುವುದಿಲ್ಲ. ಹುಡುಕಾಟದ ಯಂತ್ರಗಳೂ, ಭದ್ರತೆಯ ಬಿರುಕು ಹುಡುಕುವ ಬಾಟ್‌ಗಳೆಂಬ ಸ್ವಯಂಚಾಲಿತ ತಂತ್ರಾಂಶಗಳೂ ಹಗಲಿರುಳು ತಾಣದಿಂದ ತಾಣಕ್ಕೆ ಓಡಾಡುತ್ತಿರುತ್ತವೆ ಮತ್ತು ಅವೆಲ್ಲವೂ ಲೆಕ್ಕದ ಪುಟದಲ್ಲಿ ಭೇಟಿಗಳಾಗಿಯೇ ಕಾಣುತ್ತವೆ. ನೀವು ಸುಳ್ಳು ಹೇಳಬೇಕೆಂದು ಹೇಳಲಿಲ್ಲ, ಒಪ್ಪುತ್ತೇನೆ. ಆದರೆ 1872ರ ಕರಾರು ಕಾಯ್ದೆಯ 18ನೆಯ ಕಲಂ ತಪ್ಪು ನಿರೂಪಣೆಯನ್ನು ವಿವರಿಸುವಾಗ, ತಕ್ಕ ಮಾಹಿತಿಯ ಆಧಾರವಿಲ್ಲದೆ, ನಿಜವಲ್ಲದ ಸಂಗತಿಯನ್ನು ನಿಜವೆಂದೇ ನಂಬಿಕೊಂಡು ಖಚಿತವಾಗಿ ಹೇಳುವುದನ್ನೂ ಅದರೊಳಗೆ ಸೇರಿಸುತ್ತದೆ. ಅಂಥ ಮಾತನ್ನು ನಂಬಿ ಒಪ್ಪಿದವರು ಕರಾರನ್ನು ರದ್ದುಪಡಿಸಬಹುದೆಂದು 19ನೆಯ ಕಲಂ ಹೇಳುತ್ತದೆ. ಕೊಂಡವರು ಸಾಧಾರಣ ಎಚ್ಚರಿಕೆಯಿಂದ ನಿಜ ತಿಳಿಯಬಹುದಾಗಿದ್ದರೆ ಆ ಹಕ್ಕು ಇಲ್ಲವೆಂಬ ಒಂದು ವಿನಾಯಿತಿ ಅದೇ ಕಲಮಿನಲ್ಲಿದೆ. ಅದು ನಿಮ್ಮನ್ನು ಕಾಪಾಡುವುದು ಕಷ್ಟ. ಹೆಸರಿನ ಹಳೆಯ ಪುಟಗಳನ್ನು, ಜಾಲತಾಣಗಳ ಹಳೆಯ ಪ್ರತಿಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಭೇಟಿಗಳ ಲೆಕ್ಕ ಮಾತ್ರ ನಿಮ್ಮ ಲಾಗಿನ್‌ನ ಒಳಗೆ ಇದ್ದಿತು.

ಅವರು ಕೊಂಡದ್ದು ಭೇಟಿಗಳಿಗಾಗಿ ಅಲ್ಲ, ಹೆಸರಿಗಾಗಿ; ಮೊದಲು ಪಾಲುದಾರರ ಕಾರಣವನ್ನೇ ಹೇಳಿದ್ದು ಅದಕ್ಕೆ ಸಾಕ್ಷಿ ಎಂದು ನೀವು ವಾದಿಸಬಹುದು. ವಕೀಲರೊಬ್ಬರು ಆ ವಾದವನ್ನು ಚೆನ್ನಾಗಿಯೇ ಮಂಡಿಸಿಯಾರು. ನಾನು ಅದನ್ನು ನಿಮಗೆ ಸೂಚಿಸುವುದಿಲ್ಲ. ಏಳು ವರ್ಷಗಳ ಹಿಂದೆ ನಮ್ಮ ಪತ್ರಿಕೆಗಾಗಿ ಒಂದು ಡೊಮೇನ್ ಹೆಸರನ್ನು ಕೊಂಡಿದ್ದೆವು. ನಾವು ಚಂದಾದಾರರಿಗೆ ಕಳುಹಿಸಿದ ಇಮೇಲ್‌ಗಳೆಲ್ಲ ಸ್ಪ್ಯಾಮ್ ಪೆಟ್ಟಿಗೆಗೆ ಹೋಗುತ್ತಿದ್ದವು. ಎರಡು ತಿಂಗಳು ನಮ್ಮದೇ ತಪ್ಪೆಂದು ಭಾವಿಸಿ ತಡಕಾಡಿದ ಮೇಲೆ, ಹಿಂದೆ ಆ ಹೆಸರಿನಿಂದ ರಾಶಿ ರಾಶಿ ಜಾಹೀರಾತು ಇಮೇಲ್ ಹೋಗಿದ್ದರಿಂದ ಅದು ಕಪ್ಪುಪಟ್ಟಿ ಸೇರಿದೆಯೆಂದು ತಿಳಿಯಿತು. ಮಾರಿದವರನ್ನು ಕೇಳಿದರೆ, ನೀವು ವಿಚಾರಿಸಲಿಲ್ಲ, ನಾನು ಹೇಳಲಿಲ್ಲ ಎಂದರು. ಆ ಉತ್ತರ ಕಾನೂನಿನಲ್ಲಿ ನಿಲ್ಲುತ್ತಿತ್ತೇನೋ, ಆದರೆ ಅದನ್ನು ಕೇಳಿದಾಗ ಆದ ನೋವು ಇನ್ನೂ ನೆನಪಿದೆ. ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ: ಹೆಸರನ್ನು ಹಿಂದಕ್ಕೆ ಪಡೆದು, 45,000 ರೂಪಾಯಿಯನ್ನೂ ಪೂರ್ತಿಯಾಗಿ ಹಿಂದಿರುಗಿಸಿ. ಪಾಲುದಾರರ ಕಾರಣ ಒಂದೇ ಇದ್ದಿದ್ದರೆ ಹೀಗೆ ಹೇಳುತ್ತಿರಲಿಲ್ಲ.

ಹಿಂದಿರುಗಿಸುವ ಕ್ರಮದಲ್ಲಿ ಮಾತ್ರ ಒಂದಿಷ್ಟೂ ಸಡಿಲ ಬಿಡಬೇಡಿ. ಹೆಸರು ಮೊದಲು, ಹಣ ಆಮೇಲೆ. ರದ್ದುಪಡಿಸುವವರು ತಾವು ಪಡೆದ ಲಾಭವನ್ನು ಮರಳಿಸಬೇಕೆಂದು ಕರಾರು ಕಾಯ್ದೆಯ 64ನೆಯ ಕಲಂ ಹೇಳುವುದರಿಂದ ನೀವು ಇದನ್ನು ಕೇಳುವುದು ಹಟವೇನೂ ಅಲ್ಲ. ಹಣ ಮೊದಲು ಹೋಗಿ, ಹೆಸರು ಅವರ ಖಾತೆಯಲ್ಲೇ ಉಳಿದರೆ ರಿಜಿಸ್ಟ್ರಾರ್ ಸಂಸ್ಥೆ ನಿಮ್ಮ ಮಾತಿನ ಮೇಲೆ ಅದನ್ನು ಕಿತ್ತು ನಿಮಗೆ ಕೊಡುವುದಿಲ್ಲ. ಹೆಸರು ಇನ್ನೂ ನೀವಿಬ್ಬರೂ ಬಳಸಿದ ಅದೇ ರಿಜಿಸ್ಟ್ರಾರ್ ಬಳಿ ಇದ್ದರೆ ಖಾತೆಯಿಂದ ಖಾತೆಗೆ ಪುಶ್ ಮಾಡುವುದು, ಅಂದರೆ ನೇರವಾಗಿ ದಾಟಿಸುವುದು, ಸಾಮಾನ್ಯವಾಗಿ ಕೆಲವೇ ನಿಮಿಷಗಳ ಕೆಲಸ. ಅವರು ಈ ನಡುವೆ ಬೇರೆ ರಿಜಿಸ್ಟ್ರಾರ್‌ಗೆ ಒಯ್ದಿದ್ದರೆ, ನೀವೂ ಅಲ್ಲಿ ಒಂದು ಖಾತೆ ತೆರೆದು ಅಲ್ಲಿಯೇ ಪಡೆದುಕೊಳ್ಳಿ. ಮತ್ತೆ ರಿಜಿಸ್ಟ್ರಾರ್ ಬದಲಿಸಲು ಹೋದರೆ ತಡೆ ಎದುರಾಗಬಹುದು. ಡಾಟ್ ಕಾಂನಂಥ ಹೆಸರುಗಳಲ್ಲಿ ಒಂದು ವರ್ಗಾವಣೆಯ ನಂತರ ಸಾಮಾನ್ಯವಾಗಿ 60 ದಿನ ಮತ್ತೊಂದು ವರ್ಗಾವಣೆಗೆ ಅವಕಾಶ ಇರುವುದಿಲ್ಲ. ಹೆಸರು ಬಂದ ಮೇಲೆ ನೋಂದಣಿದಾರರ ಇಮೇಲ್ ನಿಮ್ಮದೇ ಆಗಿದೆಯೇ, ನೇಮ್‌ಸರ್ವರ್‌ಗಳು (ಹೆಸರನ್ನು ಟೈಪ್ ಮಾಡಿದವರಿಗೆ ತಾಣದ ದಾರಿ ಹೇಳುವ ಕಂಪ್ಯೂಟರ್‌ಗಳು) ಎಲ್ಲಿಗೆ ತೋರಿಸುತ್ತಿವೆ, ಅವಧಿ ಮುಗಿಯುವ ದಿನಾಂಕ ಯಾವುದು ಎಂದು ನೋಡಿ, ವರ್ಗಾವಣೆಯ ಬೀಗ ಹಾಕಿ, ಪಾಸ್‌ವರ್ಡ್ ಬದಲಿಸಿ. ಈ ಹದಿನೆಂಟು ಇಪ್ಪತ್ತು ದಿನಗಳಲ್ಲಿ ಆ ಹೆಸರಿನಿಂದ ಕೆಟ್ಟ ಇಮೇಲ್ ಹೋಗಿದೆಯೇ ಎಂದು ಕಪ್ಪುಪಟ್ಟಿಗಳಲ್ಲಿಯೂ ಪರೀಕ್ಷಿಸಿ. ನೂಲು ಬಿಚ್ಚಲು ಬಿಸಿನೀರಿಗೆ ಹಾಕಿದ ಗೂಡು ಮರಳಿ ಬರುವುದಿಲ್ಲ. ಡೊಮೇನ್ ಬರುತ್ತದೆ, ಆದರೆ ಹೋದ ಹಾಗೆಯೇ ಬರುತ್ತದೆಂಬ ಭರವಸೆಯಿಲ್ಲ.

ಇನ್ನು, ನಿಮ್ಮ ಪತ್ರದಲ್ಲಿ ನನ್ನನ್ನು ಅತ್ಯಂತ ಕಳವಳಕ್ಕೆ ಈಡುಮಾಡಿದ ವಿಷಯವನ್ನು ನೀವು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. 25,000 ರೂಪಾಯಿ ಬೇರೊಬ್ಬರ ಖಾತೆಯಿಂದ ಬಂದಿದೆ. ವಾಪಸ್ ಕೇಳುತ್ತಿರುವುದು ಮೂರನೆಯದೊಂದು ಯುಪಿಐ ವಿಳಾಸಕ್ಕೆ. ಇದಕ್ಕೆ ಸರಳವಾದ ವಿವರಣೆ ಇರಬಹುದು: ಆ ಹಣ ಪಾಲುದಾರರದ್ದು, ಹೊಸ ವಿಳಾಸ ಮನೆಯವರದ್ದು. ಆದರೆ ಮೋಸಗಾರರು ಅನುಸರಿಸುವ ದಾರಿಯೂ ಅಕ್ಷರಶಃ ಇದೇ. ಯಾರದೋ ಖಾತೆಯಿಂದ ಕದ್ದ ಹಣದಲ್ಲಿ ವಸ್ತು ಕೊಳ್ಳುತ್ತಾರೆ, ಬೇಡವೆಂದು ಹೇಳಿ ತಮ್ಮ ಬೇರೆ ಖಾತೆಗೆ ಹಣ ತರಿಸಿಕೊಳ್ಳುತ್ತಾರೆ. ಕೆಲವು ದಿನಗಳ ಮೇಲೆ ಹಣ ಕಳೆದುಕೊಂಡ ನಿಜವಾದ ಖಾತೆದಾರರು ಸೈಬರ್ ವಂಚನೆಯ 1930 ಸಹಾಯವಾಣಿಗೆ ದೂರು ಕೊಟ್ಟಾಗ, ಹಣ ಸಾಗಿದ ಜಾಡು ನಿಮ್ಮ ಖಾತೆಗೆ ಬಂದು ಮುಟ್ಟುತ್ತದೆ. ಆಗ ಬ್ಯಾಂಕು ತಡೆಹಿಡಿಯುವುದು ನಿಮ್ಮ ಹಣವನ್ನು. ಆದುದರಿಂದ 20,000 ರೂಪಾಯಿ ಯಾವ ಯುಪಿಐನಿಂದ ಬಂತೋ ಅಲ್ಲಿಗೇ, 25,000 ರೂಪಾಯಿ ಯಾವ ಖಾತೆಯಿಂದ ಬಂತೋ ಆ ಖಾತೆಗೇ ಹೋಗಬೇಕು. ಆ ಖಾತೆ ಈಗ ಇಲ್ಲ ಎಂದರೆ, ನಿಮ್ಮ ಬ್ಯಾಂಕಿನ ಶಾಖೆಗೆ ಹೋಗಿ ಲಿಖಿತವಾಗಿ ವಿಚಾರಿಸಿದ ಮೇಲೆಯೇ ಮುಂದಿನ ಹೆಜ್ಜೆ ಇಡಿ. ಕೊಂಡವರು ಎಷ್ಟೇ ಅವಸರಪಡಿಸಿದರೂ, ಎಷ್ಟೇ ಬೇಡಿಕೊಂಡರೂ, ಈ ಒಂದು ವಿಷಯದಲ್ಲಿ ನೀವು ಕದಲಬಾರದು.

ಬೆದರಿಕೆಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಗ್ರಾಹಕ ಆಯೋಗಕ್ಕೆ ದೂರು ಕೊಡುವುದು ಸುಲಭವೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಆ ಕಾಯ್ದೆ ಗ್ರಾಹಕರೆಂದು ಪರಿಗಣಿಸುವುದಿಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಂಡಿದ್ದರೆ ಮಾತ್ರ ಅದಕ್ಕೆ ಹೊರತು. ಪಾಲುದಾರರೊಂದಿಗೆ ಕಂಪನಿ ಕಟ್ಟಲು ಹೊರಟವರು ಇದರಲ್ಲಿ ಎಲ್ಲಿ ನಿಲ್ಲುತ್ತಾರೆಂಬುದು ಆಯೋಗ ತೀರ್ಮಾನಿಸಬೇಕಾದದ್ದು. ನೀವು ಮಾಡಬೇಕಾದದ್ದು ದಾಖಲೆ ಜೋಡಿಸಿಡುವುದು: ವಾಟ್ಸಾಪ್ ಸಂಭಾಷಣೆ ಪೂರ್ತಿಯಾಗಿ, ನಿಮಗೆ ಅನುಕೂಲವಲ್ಲದ ಸಾಲುಗಳೂ ಸೇರಿ, ಹೆಸರನ್ನು ಅವರು ಸ್ವೀಕರಿಸಿದ್ದಕ್ಕೆ ರಿಜಿಸ್ಟ್ರಾರ್‌ನಿಂದ ಬಂದ ಇಮೇಲ್, ಬ್ಯಾಂಕಿನ ಹೇಳಿಕೆ. ಮೂಲ ಫೋನನ್ನು ಬದಲಿಸಬೇಡಿ, ಸಂಭಾಷಣೆಯನ್ನು ಅಳಿಸಬೇಡಿ. ನಂಬರ್ ಬ್ಲಾಕ್ ಮಾಡಿದ್ದೇನೆ ಎಂದು ಬರೆದಿದ್ದೀರಿ. ಇಂದೇ ಅದನ್ನು ತೆಗೆಯಿರಿ. ಹಣ ಪಡೆದು ನಂಬರ್ ಬ್ಲಾಕ್ ಮಾಡಿದವರ ಚಿತ್ರ ಠಾಣೆಯಲ್ಲಿ ಕುಳಿತವರ ಕಣ್ಣಿಗೆ ಹೇಗೆ ಕಾಣುತ್ತದೆಂದು ಯೋಚಿಸಿ.

ನೀವು ಮಾರಿದ ಹೆಸರಿನಲ್ಲಿ ಯಾವ ಕಂಪನಿಯ ಗುರುತೂ ಇಲ್ಲದಿರುವುದು ಸಮಾಧಾನದ ವಿಷಯ. ಡೊಮೇನ್ ಹೆಸರಿಗೂ ವ್ಯಾಪಾರದ ಗುರುತಿನಂತೆ ರಕ್ಷಣೆಯುಂಟೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿಯೇ ಹೇಳಿದೆ. ಇನ್ನೊಬ್ಬರ ಬ್ರಾಂಡ್ ಅಡಗಿರುವ ಹೆಸರನ್ನು ಮಾರಿ, ಕೊಂಡವರಿಗೆ ನೋಟಿಸ್ ಬಂದು, ಅವರು ಹಣ ಕೇಳಿದರೆ ವಾದಕ್ಕೆ ನಿಲ್ಲದೆ ಕೊಟ್ಟುಬಿಡುವುದೇ ಲೇಸು. ನಿಮ್ಮ ಬಳಿ ಉಳಿದಿರುವ ಹೆಸರುಗಳಲ್ಲಿ ಅಂಥದ್ದಿದ್ದರೆ ಮಾರುವ ಯೋಚನೆಯನ್ನೇ ಬಿಡಿ.

ಮುಂದಿನ ಮಾರಾಟಕ್ಕೆ ಮುನ್ನ ಒಂದು ಪುಟದ ಬರಹ ಇರಲಿ. ಏನನ್ನು ಮಾರುತ್ತಿದ್ದೀರಿ, ಏನನ್ನು ಮಾರುತ್ತಿಲ್ಲ, ಭೇಟಿಗಳ ಬಗ್ಗೆ ಯಾವ ಭರವಸೆಯನ್ನೂ ಕೊಟ್ಟಿಲ್ಲ ಅಥವಾ ಇಂಥ ತಿಂಗಳ ಲೆಕ್ಕದ ಪ್ರತಿ ಲಗತ್ತಿಸಿದೆ, ಪರಿಶೀಲನೆಗೆ ಇಷ್ಟು ದಿನ, ಆಮೇಲೆ ಮಾರಾಟ ಅಂತಿಮ ಎಂಬುದು ಸರಳ ಕನ್ನಡದಲ್ಲಿ ಇದ್ದರೆ ಸಾಕು. ಮೊತ್ತ ದೊಡ್ಡದಾಗಿದ್ದರೆ ಎಸ್ಕ್ರೋ ಸೇವೆ ಬಳಸಿ. ಅಲ್ಲಿ ಕೊಳ್ಳುವವರ ಹಣ ಮಧ್ಯಸ್ಥರ ಬಳಿ ಇರುತ್ತದೆ, ಹೆಸರು ಕೈಸೇರಿ ಪರಿಶೀಲನೆಯ ಅವಧಿ ಮುಗಿದ ಮೇಲೆಯೇ ನಿಮಗೆ ಬರುತ್ತದೆ; ಹಾಗಾಗಿ ಆಕ್ಷೇಪಣೆಗಳೆಲ್ಲ ಹಣ ನಿಮ್ಮ ಕೈಗೆ ಬರುವ ಮುನ್ನವೇ ಹೊರಬೀಳುತ್ತವೆ. ಎಸ್ಕ್ರೋ ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ತೆರೆಯಿರಿ, ಕೊಳ್ಳುವವರು ಕಳುಹಿಸಿದ ಲಿಂಕ್ ಒತ್ತಬೇಡಿ, ಏಕೆಂದರೆ ನಕಲಿ ಎಸ್ಕ್ರೋ ತಾಣಗಳೂ ಇವೆ. ಹೊರದೇಶದವರು ಕಾರ್ಡ್ ಅಥವಾ ಪೇಪಾಲ್ ಮೂಲಕ ಕೊಟ್ಟ ಹಣವನ್ನು ಕೈಸೇರಿದ ಹಣವೆಂದು ಲೆಕ್ಕ ಹಾಕಬೇಡಿ. ಪೇಪಾಲ್‌ನಲ್ಲಿ ಪಾವತಿಯ 180 ದಿನಗಳವರೆಗೆ ತಕರಾರು ತೆಗೆಯಬಹುದು, ಕಾರ್ಡ್‌ಗಳಲ್ಲಿಯೂ ಚಾರ್ಜ್‌ಬ್ಯಾಕ್‌ಗೆ (ಬ್ಯಾಂಕಿನ ಮೂಲಕ ಹಣ ಹಿಂದಕ್ಕೆ ತರಿಸಿಕೊಳ್ಳುವುದಕ್ಕೆ) ತಿಂಗಳುಗಟ್ಟಲೆ ಅವಕಾಶವಿದೆ. ಹೆಸರೂ ಹೋಗಿ, ಹಣವೂ ಖಾತೆಯಿಂದ ಹಿಂದಕ್ಕೆ ಎಳೆಯಲ್ಪಟ್ಟ ಮಾರಾಟಗಾರರ ಗೋಳು ಹೇಳತೀರದು.

ಸದ್ಯಕ್ಕೆ ಕೊಂಡವರಿಗೆ ಹೀಗೆ ಬರೆಯಿರಿ: "ಭೇಟಿಗಳ ಸಂಖ್ಯೆಯನ್ನು ನಾನು ಪರಿಶೀಲಿಸದೆ ಹೇಳಿದ್ದೆ. ಆ ಕಾರಣಕ್ಕಾಗಿ ಮಾರಾಟವನ್ನು ರದ್ದುಪಡಿಸಲು ಒಪ್ಪುತ್ತೇನೆ. ಹೆಸರು ನನ್ನ ಖಾತೆಗೆ ಮರಳಿದ ಎರಡು ದಿನಗಳೊಳಗೆ, ಹಣ ಬಂದ ಎರಡು ಖಾತೆಗಳಿಗೇ ಆಯಾ ಮೊತ್ತವನ್ನು ಕಳುಹಿಸುತ್ತೇನೆ. ಬೇರೆ ಯಾವ ಖಾತೆಗೂ ಕಳುಹಿಸಲಾರೆ. ಇದರಿಂದ ನಮ್ಮಿಬ್ಬರ ನಡುವಿನ ಲೆಕ್ಕ ಪೂರ್ತಿ ಮುಗಿಯುತ್ತದೆಂದು ತಾವು ಲಿಖಿತವಾಗಿ ತಿಳಿಸಬೇಕು." ಇದನ್ನು ವಾಟ್ಸಾಪ್‌ನಲ್ಲಿಯೂ ಇಮೇಲ್‌ನಲ್ಲಿಯೂ ಕಳುಹಿಸಿ. ಅವರು ಪ್ರಾಮಾಣಿಕರಾಗಿದ್ದರೆ ಒಪ್ಪಲು ತೊಂದರೆಯೇನೂ ಕಾಣದು. ಎರಡು ಖಾತೆಗಳ ಮಾತಿಗೆ ಅವರು ಸಿಟ್ಟಾದರೆ, ಮುಂದೆ ಮಾತು ಬೆಳೆಸದೆ ದಾಖಲೆಗಳೊಂದಿಗೆ ಚಿಕ್ಕಬಳ್ಳಾಪುರದ ಸೈಬರ್ ಅಪರಾಧ ಪೊಲೀಸರ ಬಳಿ ನೀವೇ ಮೊದಲು ಹೋಗಿ. ಉತ್ತರ ಏನು ಬಂದರೂ ನಮಗೊಂದು ಸಾಲು ಬರೆಯಿರಿ.

— ಸಂಪಾದಕ