ಮೂರು ತಿಂಗಳ ಸಿಎನ್‌ಸಿ ಕೋರ್ಸೋ, ಎರಡು ವರ್ಷದ ಐಟಿಐಯೋ?

ಪ್ರಶ್ನೆ: ನಾವು ಬಂಗಾರಪೇಟೆ ತಾಲ್ಲೂಕಿನ ಕೃಷಿಕರು. ಹದಿನಾರು ವರ್ಷದ ಮಗ ಈ ಸಲ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ. ಓದಿಗಿಂತ ಪಂಪ್‌ಸೆಟ್ ಬಿಚ್ಚಿ ಜೋಡಿಸುವುದರಲ್ಲಿ ಅವನಿಗೆ ಆಸಕ್ತಿ ಹೆಚ್ಚು. ನರಸಾಪುರದ ಕಾರ್ಖಾನೆಗಳಲ್ಲಿ ಕೆಲಸ ಖಚಿತವೆಂದು ಹೇಳಿ ಖಾಸಗಿ ಸಂಸ್ಥೆಯೊಂದು ಮೂರು ತಿಂಗಳ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕತ್ತರಿಸುವ ಯಂತ್ರ) ಕೋರ್ಸಿಗೆ ಕರೆಯುತ್ತಿದೆ. ನೆಂಟರು ಐಟಿಐ ಸೇರಿಸಿ ಎನ್ನುತ್ತಾರೆ. ಎರಡು ವರ್ಷ ಸುಮ್ಮನೆ ಕಳೆದಂತಾಗುವುದಿಲ್ಲವೇ?

ಉತ್ತರ: ಮೊದಲು ವಯಸ್ಸಿನ ಲೆಕ್ಕ ನೋಡೋಣ. 1948ರ ಕಾರ್ಖಾನೆ ಕಾಯ್ದೆಯಡಿ ಹದಿನೆಂಟು ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ವೈದ್ಯಕೀಯ ಪ್ರಮಾಣಪತ್ರವೂ ಸೇರಿದಂತೆ ಹಲವು ನಿರ್ಬಂಧಗಳಿದ್ದುದರಿಂದ ಹೆಚ್ಚಿನ ಕಾರ್ಖಾನೆಗಳು ಆ ಗೋಜಿಗೇ ಹೋಗುವುದಿಲ್ಲ. ನಿಮ್ಮ ಮಗ ಮೂರು ತಿಂಗಳ ಕೋರ್ಸು ಮುಗಿಸಿದರೂ ಗೇಟಿನ ಹೊರಗೇ ಕಾಯಬೇಕಾಗಬಹುದು. ಐಟಿಐ ಮುಗಿಸುವಷ್ಟರಲ್ಲಿ ಅವನಿಗೆ ಹೇಗೂ ಹದಿನೆಂಟು ತುಂಬಿರುತ್ತದೆ. ಉಳಿಯಿತೆಂದು ನೀವು ಎಣಿಸುತ್ತಿರುವ ಸಮಯ ನಿಜವಾಗಿ ಉಳಿಯುವುದಿಲ್ಲ.

ಎರಡನೆಯದು, ಆ ಕೋರ್ಸು ಕಲಿಸುವುದೇನು ಎಂಬುದು. ಸಿಎನ್‌ಸಿ ಯಂತ್ರದ ಮುಂದೆ ನಿಲ್ಲುವವರಲ್ಲಿ ಆಪರೇಟರ್, ಸೆಟ್ಟರ್ ಎಂದು ಎರಡು ದರ್ಜೆಗಳಿವೆ. ಆಪರೇಟರ್ ಜಾಬನ್ನು, ಅಂದರೆ ಕತ್ತರಿಸಬೇಕಾದ ಲೋಹದ ತುಂಡನ್ನು, ಚಕ್ ಎಂಬ ಹಿಡಿಕೆಗೆ ಕಚ್ಚಿಸಿ, ಬಾಗಿಲು ಮುಚ್ಚಿ, ಹಸಿರು ಗುಂಡಿ ಒತ್ತುತ್ತಾನೆ. 25.00 ಮಿಲಿಮೀಟರ್ ವ್ಯಾಸಕ್ಕೆ ಬರಬೇಕಾದ ಶಾಫ್ಟು ಬೆಳಗಿನಿಂದ ಸರಿಯಾಗಿಯೇ ಬಂದು, ಮಧ್ಯಾಹ್ನದ ಹೊತ್ತಿಗೆ 25.03 ಬರತೊಡಗಿತು ಎನ್ನಿ. ಪ್ರೋಗ್ರಾಮಿನಲ್ಲಿ ತಪ್ಪಿಲ್ಲ, ಲೋಹ ಕತ್ತರಿಸುವ ಅಲಗಿನ (ಇನ್ಸರ್ಟ್) ತುದಿ ಸವೆದಿದೆ. ಅದನ್ನು ಮೈಕ್ರೋಮೀಟರಿನಲ್ಲಿ ಹಿಡಿದು, ಸವೆತವೇ ಕಾರಣವೆಂದು ಅರಿತು, ಯಂತ್ರದ ಪರದೆಯಲ್ಲಿ ಟೂಲಿನ ಸ್ಥಾನ ತಿದ್ದುವ ಆಫ್‌ಸೆಟ್ ಪುಟದಲ್ಲಿ ಎಕ್ಸ್ ಅಕ್ಷಕ್ಕೆ ಮೈನಸ್ 0.03 ಕೊಡುವವನು ಸೆಟ್ಟರ್. ಮೈನಸ್ ಮರೆತರೆ ಮುಂದಿನ ಜಾಬು 25.06 ಬರುತ್ತದೆ, ದಶಾಂಶ ಬಿಂದು ತಪ್ಪಿದರೆ ಟೂಲು ಹೋಗಿ ಜಾಬಿಗೇ ಬಡಿಯಬಹುದು. ಸಂಬಳವೂ ಬಡ್ತಿಯೂ ಸೆಟ್ಟರ್ ಕಡೆಗಿವೆ, ಮೂರು ತಿಂಗಳ ಕೋರ್ಸುಗಳು ಬಹುಮಟ್ಟಿಗೆ ತಯಾರಿಸುವುದು ಆಪರೇಟರುಗಳನ್ನು.

ಸೆಟ್ಟರನ ಆ ತಿಳಿವಳಿಕೆ ಪರದೆಯ ಮುಂದೆ ಕುಳಿತು ಬರುವಂಥದ್ದಲ್ಲ. ಐಟಿಐಯಲ್ಲಿ ಬಿಡಿಭಾಗ ಉಜ್ಜಿ ಜೋಡಿಸುವುದನ್ನು ಕಲಿಸುವ ಫಿಟ್ಟರ್ ಟ್ರೇಡಿನ ಮೊದಲ ತಿಂಗಳುಗಳಲ್ಲಿ ಹುಡುಗರು ಕಬ್ಬಿಣದ ಪಟ್ಟಿಯೊಂದನ್ನು ವೈಸಿನಲ್ಲಿ ಕಚ್ಚಿಸಿ ಅರದಿಂದ ಉಜ್ಜುತ್ತಲೇ ಇರುತ್ತಾರೆ. ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಟ್ಟು ಕಿಟಕಿಯ ಬೆಳಕಿಗೆ ಹಿಡಿದಾಗ ನಡುವೆ ಗೆರೆಯಂತೆ ಬೆಳಕು ನುಸುಳಿದರೆ ಮತ್ತೆ ಉಜ್ಜಬೇಕು. ಅಂಗೈಯಲ್ಲಿ ಬೊಬ್ಬೆ ಏಳುತ್ತದೆ, ‘ಇದಕ್ಕಾಗಿಯೇ ಇಲ್ಲಿಗೆ ಬಂದೆನೇ’ ಎಂಬ ಬೇಸರವೂ ಬರುತ್ತದೆ, ಕೆಲವರು ಬಿಟ್ಟೂ ಹೋಗುತ್ತಾರೆ. ಆದರೆ 0.02 ಮಿಲಿಮೀಟರ್ ಓದುವ ವರ್ನಿಯರನ್ನೂ 0.01 ಓದುವ ಮೈಕ್ರೋಮೀಟರನ್ನೂ ಎಷ್ಟು ಬಿಗಿಯಲ್ಲಿ ಹಿಡಿಯಬೇಕೆಂಬುದು ಬೆರಳಿಗೆ ತಿಳಿಯುವುದು ಆ ಬೆಂಚಿನ ಬಳಿಯೇ. ಪಂಪ್‌ಸೆಟ್ ಬಿಚ್ಚುವ ಹುಡುಗನಿಗೆ ಫಿಟ್ಟರ್ ಅಥವಾ ಲೇತ್ ಕೆಲಸದ ಟರ್ನರ್ ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ಮೋಟರಿನ ಸುರುಳಿಯ ಕಡೆಗೆ ಗಮನ ಹೆಚ್ಚಿದ್ದರೆ ಎಲೆಕ್ಟ್ರಿಷಿಯನ್ ಆಗಬಹುದು. ಮೂರೂ ಎರಡು ವರ್ಷದ ಟ್ರೇಡುಗಳೇ.

ಹಾಗೆಂದು ಐಟಿಐ ಎಂಬ ಬೋರ್ಡು ಕಂಡಲ್ಲೆಲ್ಲ ಸೇರಿಸಬೇಡಿ. ಮಗನನ್ನು ಕರೆದುಕೊಂಡು ಕೆಲಸದ ವೇಳೆಯಲ್ಲೇ ವರ್ಕ್‌ಶಾಪಿಗೆ ಹೋಗಿ ನೋಡಿ. ಲೇತಿನ ಕೆಳಗಿನ ತಟ್ಟೆಯಲ್ಲಿ ಹೊಸ ಲೋಹದ ಸುರುಳಿಗಳಿವೆಯೇ, ಇಲ್ಲವೇ ಯಂತ್ರದ ಮೇಲೆ ಪ್ಲಾಸ್ಟಿಕ್ ಹೊದಿಕೆಯೂ ಅದರ ಮೇಲೆ ಧೂಳೂ ಇದೆಯೇ? ಒಂದು ಲೇತಿಗೆ ಎಷ್ಟು ಹುಡುಗರು, ವಾರಕ್ಕೆ ಒಬ್ಬನ ಕೈಗೆ ಎಷ್ಟು ಗಂಟೆ ಸಿಗುತ್ತದೆ ಎಂದು ಅಲ್ಲಿಯ ವಿದ್ಯಾರ್ಥಿಗಳನ್ನೇ ಕೇಳಿ. ಖಾಸಗಿ ಐಟಿಐ ಆದರೆ ನೀವು ಸೇರಿಸುವ ಟ್ರೇಡಿಗೇ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ (ಡಿಜಿಟಿ, ಹಿಂದೆ ಎನ್‌ಸಿವಿಟಿ) ಮಾನ್ಯತೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಉನ್ನತೀಕರಿಸಿ 2022ರ ಜೂನ್‌ನಲ್ಲಿ ತಂತ್ರಜ್ಞಾನ ಕೇಂದ್ರಗಳೆಂದು ಉದ್ಘಾಟಿಸಲಾಯಿತು. ನಿಮಗೆ ಹತ್ತಿರದ್ದು ಆ ಪಟ್ಟಿಯಲ್ಲಿದೆಯೇ ಎಂದೂ ವಿಚಾರಿಸಿ.

ಕೋಲಾರದಲ್ಲೇ ಇನ್ನೊಂದು ದಾರಿಯಿದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಜಿಟಿಟಿಸಿಯ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಶಾಖೆ ಇಲ್ಲಿಯೂ ಇದೆ. ಎಸ್ಸೆಸ್ಸೆಲ್ಸಿ ನಂತರದ ಅವರ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿಕೆ, ಬಳಿಕ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಗಣಿತದಲ್ಲಿ ಅವನ ಅಂಕ ಸುಮಾರಾಗಿದ್ದರೆ ಮಾತ್ರ ಸ್ವಲ್ಪ ಯೋಚಿಸಿ. ಅಲ್ಲಿ ತ್ರಿಕೋನಮಿತಿಯಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಐಟಿಐ ಮುಗಿಸಿದವರು ಮುಂದೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಲು ಅವಕಾಶವಿರುವುದರಿಂದ ಆ ಬಾಗಿಲೂ ಮುಚ್ಚುವುದಿಲ್ಲ. ಮೂರು ತಿಂಗಳ ಸಿಎನ್‌ಸಿ ಕೋರ್ಸು ಐಟಿಐ ಆದಮೇಲೆ ಮಾಡಿದರೆ ನಿಜಕ್ಕೂ ಉಪಯುಕ್ತ. ‘ಖಚಿತ’ ಎಂಬ ಕೆಲಸದ ಭರವಸೆಯನ್ನು ಈಗಲೇ ಅವರಿಂದ ಬರವಣಿಗೆಯಲ್ಲಿ ಕೇಳಿ ನೋಡಿ, ಅವರ ಉತ್ತರದಿಂದಲೇ ನಿಮಗೆ ಅರ್ಧ ವಿಷಯ ತಿಳಿಯುತ್ತದೆ.

ಪ್ರಶ್ನೆ: ನಾನು ವೆಲ್ಡರ್ ಟ್ರೇಡಿನಲ್ಲಿ ಐಟಿಐ ಮಾಡಿದವನು. ವೇಮಗಲ್ ಬಳಿ ಗುತ್ತಿಗೆಯ ಮೇಲೆ ಪ್ಯಾಕಿಂಗ್ ಕೆಲಸದಲ್ಲಿದ್ದೇನೆ. ಇದನ್ನು ಬಿಟ್ಟು ಕಡಿಮೆ ಸ್ಟೈಪೆಂಡಿಗೆ ಅಪ್ರೆಂಟಿಸ್ ಆಗಿ ಸೇರುವುದು ಸರಿಯೇ?

ಉತ್ತರ: ಮನೆಯ ಖರ್ಚು ಒಂದು ವರ್ಷ ತಡೆದುಕೊಳ್ಳುವ ಹಾಗಿದ್ದರೆ ಸರಿ. ಪ್ಯಾಕಿಂಗಿನಲ್ಲಿ ವರ್ಷ ಕಳೆದಷ್ಟೂ ವೆಲ್ಡಿಂಗ್ ಹೋಲ್ಡರ್ ಹಿಡಿದ ಕೈ ಅಭ್ಯಾಸ ಕಳೆದುಕೊಳ್ಳುತ್ತದೆ. ಗುತ್ತಿಗೆಯವರೂ ಸೇರಿ ಮೂವತ್ತು ಅಥವಾ ಹೆಚ್ಚು ಮಂದಿ ದುಡಿಯುವ ಉದ್ಯಮಗಳು 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಟ್ಟು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕಾದುದರಿಂದ ಸ್ಥಳಗಳಿಗೆ ಕೊರತೆಯಿಲ್ಲ. ಕೇಂದ್ರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅದರಲ್ಲಿ ಟ್ರೇಡಿನ ಹೆಸರು ‘ವೆಲ್ಡರ್’ ಎಂದೇ ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಅಲ್ಲಿಯೂ ಪ್ಯಾಕಿಂಗಿಗೇ ನಿಲ್ಲಿಸಿಯಾರು. ಆ ಒಂದು ವರ್ಷದಲ್ಲಿ ಪ್ಲೇಟನ್ನು ನೆಟ್ಟಗೆ ನಿಲ್ಲಿಸಿ ಹಾಕುವ 3ಜಿ, ತಲೆಯ ಮೇಲೆ ಹಾಕುವ 4ಜಿ ಎರಡೂ ಕೈಗೆ ಬರಲಿ. ಓರೆಯಾಗಿ ನಿಂತ ಪೈಪಿನ 6ಜಿಯನ್ನು ಅನಂತರ ಕಲಿಯಬಹುದು. ವೆಲ್ಡರನನ್ನು ಆರಿಸುವ ಕಡೆ ಸಂದರ್ಶನಕ್ಕಿಂತ ಮೊದಲು ಒಂದು ತುಂಡು ಪ್ಲೇಟು ಕೊಡುತ್ತಾರೆ, ಬೆಸೆದ ಮೇಲೆ ಅದನ್ನು ಬಗ್ಗಿಸಿ ಬಿರುಕು ಬಿಟ್ಟಿತೇ ಎಂದು ನೋಡುತ್ತಾರೆ.